ಸದ್ದು ಮಾಡುವ ಆಟಿಕೆ: ಯಾವುದು ಮನೆಯೊಳಗೆ, ಯಾವುದು ಜಗುಲಿಗೆ, ಯಾವುದು ಬೇಡ

ಹೋದ ವರ್ಷ ಪುನರ್ವಸು ಮಳೆ ಹಿಡಿದುಕೊಂಡಾಗ ನಾವು ತೀರ್ಥಹಳ್ಳಿ ಹತ್ತಿರದ ಊರಿನ ಮನೆಯಲ್ಲಿದ್ದೆವು. ಮಗಳಿಗೆ ಆಗ ಒಂದೂವರೆ ವರ್ಷ. ಒಂಬತ್ತು ದಿನ ಅಂಗಳಕ್ಕೆ ಕಾಲಿಡುವ ಹಾಗಿರಲಿಲ್ಲ. ಜಗುಲಿಯಲ್ಲಿ ಒಂದು ಹಾಡುವ ಫೋನು, ಒಂದು ಕುಣಿಯುವ ಬಾತುಕೋಳಿ, ಒಂದು ಸೈರನ್ ಕಾರು. ಹೊರಗೆ ತಗಡಿನ ಶೀಟಿನ ಮೇಲೆ ಮಳೆಯ ಸದ್ದು, ಒಳಗೆ ಇವುಗಳ ಸದ್ದು. ಮಳೆ ಜೋರಾದಷ್ಟೂ ಮಗಳು ಫೋನನ್ನು ಕಿವಿಗೆ ಇನ್ನೂ ಹತ್ತಿರ ಒತ್ತಿಕೊಳ್ಳುತ್ತಿದ್ದಳು. ಅದನ್ನು ನೋಡಿದ ದಿನ ನನಗೆ ಗಾಬರಿಯಾಯಿತು. ಅಲ್ಲಿಯವರೆಗೆ ನಾನು ದೊಡ್ಡವರ ತಲೆನೋವಿನ ಬಗ್ಗೆ ಮಾತ್ರ ಯೋಚಿಸುತ್ತಿದ್ದೆ. ಅವಳ ಕಿವಿಯ ಬಗ್ಗೆ ಯೋಚಿಸಿರಲಿಲ್ಲ.

ಶಿವಮೊಗ್ಗಕ್ಕೆ ವಾಪಸ್ ಬಂದ ಮೇಲೆ ಕೂತು ಓದಿದೆ. ಗಾಂಧಿ ಬಜಾರ್, ದುರ್ಗಿಗುಡಿ ಕಡೆಯ ಅಂಗಡಿಗಳಲ್ಲಿ ಒಂದೊಂದೇ ಆಟಿಕೆಯನ್ನು ಕಿವಿಗೆ ಹಿಡಿದು ನೋಡಿದೆ. ಈಗ ಅಕ್ಕಪಕ್ಕದ ಅಮ್ಮಂದಿರು, ಊರಿನ ನೆಂಟರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಮಗುವಿಗೆ ಹುಟ್ಟುಹಬ್ಬ ಬಂತು, ಬ್ಯಾಟರಿ ಆಟಿಕೆ ಕೊಡಿಸಲಾ, ಮರದ್ದು ಕೊಡಿಸಲಾ, ಕೀಬೋರ್ಡ್ ಕೊಡಿಸಲಾ? ಮನೆಯಲ್ಲಿ ಈಗಾಗಲೇ ಇರೋದನ್ನು ಏನು ಮಾಡಲಿ? ಒಂದರಿಂದ ಮೂರು ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಕೊಳ್ಳುವ ಮೊದಲು ನೋಡಬೇಕಾದ್ದು

ಮೊದಲನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು: ಮಗುವಿನ ಕೈ ನಿಂತರೆ ಸದ್ದೂ ನಿಲ್ಲುತ್ತದಾ? ಗಿಲಕಿ ಅಲ್ಲಾಡಿಸುವುದು ಬಿಟ್ಟರೆ ಸುಮ್ಮನಾಗುತ್ತದೆ. ಡೋಲಕ್ ಕೂಡ ಹಾಗೇ. ಹಾಡುವ ಫೋನಿನ ಒಂದು ಗುಂಡಿ ಒತ್ತಿದರೆ ಅರ್ಧ ನಿಮಿಷ ಅದರ ಪಾಡಿಗೆ ಅದು ಹಾಡುತ್ತಲೇ ಇರುತ್ತದೆ. ಮಗು ಅಷ್ಟರಲ್ಲಿ ಬೇರೆ ಕಡೆ ತಿರುಗಿರುತ್ತದೆ, ಇಲ್ಲವೇ ಹಾಡು ಮುಗಿಯುವ ಮೊದಲೇ ಇನ್ನೊಂದು ಗುಂಡಿ ಒತ್ತಿರುತ್ತದೆ. ಕೈಯಿಂದ ಬರುವ ಸದ್ದನ್ನು ಮಗು ತಾನೇ ಸಣ್ಣದು ಮಾಡುತ್ತದೆ, ದೊಡ್ಡದು ಮಾಡುತ್ತದೆ, ನಿಲ್ಲಿಸಿ ನಮ್ಮ ಮುಖ ನೋಡುತ್ತದೆ. ಒಂದೂವರೆ ವರ್ಷದ ಮಗು ಬಟ್ಟಲಿನ ಮೇಲೆ ಚಮಚ ಬಡಿದು, ಒಂದು ಕ್ಷಣ ನಿಲ್ಲಿಸಿ, ಮತ್ತೆ ಬಡಿಯುವುದನ್ನು ಗಮನಿಸಿ ನೋಡಿ. ಆ ನಿಲ್ಲಿಸುವಾಟ ಗುಂಡಿ ಆಟಿಕೆಯಲ್ಲಿ ಸಿಗುವುದು ಕಷ್ಟ.

ಎರಡನೆಯದು ಕಿವಿಯ ಹತ್ತಿರ ಎಷ್ಟು ಜೋರು ಅನ್ನೋದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಮೆರಿಕದ ಆಟಿಕೆ ಮಾನದಂಡದಲ್ಲಿ ಕೈಯಲ್ಲಿ ಹಿಡಿಯುವ, ಮೇಜಿನ ಮೇಲೆ ಇಡುವ ಆಟಿಕೆಗೆ ಮಿತಿ 85 ಡೆಸಿಬೆಲ್. ಅಳೆಯುವುದು 50 ಸೆಂಟಿಮೀಟರ್ ದೂರದಿಂದ. ಕಿವಿಗೆ ಹಿಡಿದುಕೊಳ್ಳುವ ಆಟಿಕೆಗೆ, ಅಂದರೆ ಆಟದ ಫೋನಿನಂಥದ್ದಕ್ಕೆ, 65. ಆದರೆ ಚಿಕ್ಕ ಮಗುವಿನ ತೋಳು ಎಷ್ಟುದ್ದ ಇದೆ ನೋಡಿ. ಅದು ಯಾವ ಆಟಿಕೆಯನ್ನೂ ಅರ್ಧ ಮೀಟರ್ ದೂರ ಹಿಡಿಯುವುದಿಲ್ಲ, ಹಿಡಿಯಲು ಆಗುವುದೂ ಇಲ್ಲ. ದೂರ ಅರ್ಧವಾದ ಹಾಗೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಏರುತ್ತದೆ. 50 ಸೆಂ.ಮೀ.ನಲ್ಲಿ 85 ಇದ್ದದ್ದು 25ಕ್ಕೆ ಬಂದಾಗ 91, ಗೇಣಿಗಿಂತ ಹತ್ತಿರ, ಸುಮಾರು 12 ಸೆಂ.ಮೀ.ಗೆ ಬಂದಾಗ 97. ಕಾರ್ಖಾನೆ ಕೆಲಸಗಾರರಿಗೆ ಹಾಕುವ ಒಂದು ಲೆಕ್ಕ ಇದೆ. 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ ಇರಬಹುದು, ಪ್ರತಿ 3 ಡೆಸಿಬೆಲ್ ಏರಿದರೆ ಸಮಯ ಅರ್ಧ ಮಾಡಬೇಕು. ಆ ಲೆಕ್ಕದಲ್ಲಿ 97ಕ್ಕೆ ಸಿಗುವುದು ಅರ್ಧ ಗಂಟೆ. ಅದೂ ದೊಡ್ಡವರಿಗೆ. ಹಾಡು ಕೇಳುವ ಉಪಕರಣಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟಿರುವ ಮಿತಿ ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್, ಮಕ್ಕಳಿಗೆ ಅಷ್ಟೇ ಹೊತ್ತಿಗೆ 75.

ಅಂಗಡಿಯಲ್ಲಿ ಡೆಸಿಬೆಲ್ ಮೀಟರ್ ಎಲ್ಲಿಂದ ತರೋದು ಅಂತ ಕೇಳಬಹುದು. ಮೊಬೈಲ್‌ನಲ್ಲಿ ಉಚಿತ ಆ್ಯಪ್‌ಗಳಿವೆ. ಅವು ಕರಾರುವಾಕ್ಕಾಗಿ ಹೇಳದಿದ್ದರೂ ಎರಡು ಆಟಿಕೆಗಳಲ್ಲಿ ಯಾವುದು ಜೋರು ಅಂತ ತಿಳಿಯಲು ಸಾಕು. ಇನ್ನೂ ಸುಲಭದ್ದು ಬೇಕಾ? ಬ್ಯಾಟರಿ ಹಾಕಿಸಿ ನಿಮ್ಮದೇ ಕಿವಿಗೆ ಹಿಡಿದು ನೋಡಿ. ತಕ್ಷಣ ದೂರ ಸರಿಸಬೇಕು ಅನ್ನಿಸಿದರೆ ಅಲ್ಲೇ ಬಿಟ್ಟು ಬನ್ನಿ. ಅಥವಾ ಆಟಿಕೆ ಹಾಡುವಾಗ ಒಂದು ತೋಳಿನ ದೂರದಲ್ಲಿರುವವರ ಜೊತೆ ಮಾತಾಡಿ. ದನಿ ಏರಿಸಬೇಕಾಗಿ ಬಂದರೆ ಅಲ್ಲಿ ಸದ್ದು 85ರ ಆಸುಪಾಸಿನಲ್ಲಿದೆ ಅಂತ ಅರ್ಥ.

ಮೂರನೆಯದು ಬ್ಯಾಟರಿ. ಗುಂಡಿಯಂಥ ಚಪ್ಪಟೆ ಬ್ಯಾಟರಿ, ಬಟನ್ ಸೆಲ್ ಅಂತೀವಲ್ಲ, ಅದನ್ನು ಮಗು ನುಂಗಿದರೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡು ಗಂಟೆಯೊಳಗೇ ಒಳಗಿನ ಚರ್ಮವನ್ನು ಸುಡಲು ಶುರು ಮಾಡುತ್ತದೆ. ರಾಸಾಯನಿಕ ಸೋರಬೇಕು ಅಂತೇನೂ ಇಲ್ಲ. ಒದ್ದೆ ಜಾಗದಲ್ಲಿ ಅದರಿಂದ ಹರಿಯುವ ಕರೆಂಟೇ ಸಾಕು. ನಮ್ಮ ಕಡೆಯವರು ಇದನ್ನು ಇನ್ನೂ ಗಂಭೀರವಾಗಿ ತಗೊಳ್ಳಬೇಕು. ಆಗುಂಬೆಯಿಂದ ತೀರ್ಥಹಳ್ಳಿಗೆ ಸುಮಾರು 30 ಕಿಲೋಮೀಟರ್, ಅಲ್ಲಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಇನ್ನೊಂದು 60. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಬಂದ್ ಆಗಿದ್ದರೆ ಆ ಎರಡು ಗಂಟೆ ದಾರಿಯಲ್ಲೇ ಮುಗಿದುಹೋಗುತ್ತದೆ. ಹಾಗಾಗಿ ಚಿಕ್ಕ ಮಕ್ಕಳಿರುವ ಮನೆಗೆ ಬಟನ್ ಸೆಲ್ ಆಟಿಕೆ ತರಲೇಬೇಡಿ ಅಂತ ನಾನು ಹೇಳುತ್ತೇನೆ. ಎಎ ಅಥವಾ ಎಎಎ ಬ್ಯಾಟರಿಯದ್ದು ತನ್ನಿ, ಅದಕ್ಕೂ ಮುಚ್ಚಳಕ್ಕೆ ಸ್ಕ್ರೂ ಇರಬೇಕು. ಮಗು ಬಟನ್ ಸೆಲ್ ನುಂಗಿದೆ ಅಂತ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಬೇಡಿ, ಕಾಯಬೇಡಿ, ಎಕ್ಸ್-ರೇ ಇರುವ ಹತ್ತಿರದ ಆಸ್ಪತ್ರೆಗೆ ಹೊರಡಿ. ಮೂಗಿಗೋ ಕಿವಿಗೋ ತೂರಿಸಿಕೊಂಡಿದ್ದರೂ ಅಷ್ಟೇ ತುರ್ತು.

ನಾಲ್ಕನೆಯದು, ಆಟಿಕೆ ನಮಗೆ ಮಾತಾಡಲು ಜಾಗ ಬಿಡುತ್ತದಾ ಅನ್ನೋದು. ಅಮೆರಿಕದ ಅನ್ನಾ ಸೋಸಾ ಅನ್ನುವ ಸಂಶೋಧಕಿ 10ರಿಂದ 16 ತಿಂಗಳ 26 ಮಕ್ಕಳು ಮನೆಯಲ್ಲಿ ಅಪ್ಪ ಅಮ್ಮನ ಜೊತೆ ಆಡುವುದನ್ನು ಧ್ವನಿಮುದ್ರಿಸಿ ಎಣಿಸಿದ್ದರು. ಅದು 2016ರಲ್ಲಿ ಪ್ರಕಟವಾಯಿತು. ಎಲೆಕ್ಟ್ರಾನಿಕ್ ಆಟಿಕೆ ಇದ್ದಾಗ ದೊಡ್ಡವರು ನಿಮಿಷಕ್ಕೆ ಸುಮಾರು 40 ಪದ ಆಡಿದ್ದರು. ಸಾದಾ ಆಟಿಕೆ ಇದ್ದಾಗ 56, ಪುಸ್ತಕ ಇದ್ದಾಗ 67. ಓದಿದಾಗ ನನಗೆ ನಮ್ಮ ಜಗುಲಿಯೇ ಕಣ್ಣಿಗೆ ಬಂತು. ಬಾತುಕೋಳಿ ಹಾಡುವಾಗ ನಾವೆಲ್ಲ ಸುಮ್ಮನೆ ಅದನ್ನೇ ನೋಡುತ್ತಾ ಕೂತಿರುತ್ತಿದ್ದೆವು.

ಐದನೆಯದು ಮಲೆನಾಡಿನ ತಂಡಿ. ಇದನ್ನು ಯಾವ ಡಬ್ಬಿಯ ಮೇಲೂ ಬರೆದಿರುವುದಿಲ್ಲ. ಆಗಸ್ಟಿನ ಒಂದು ರಾತ್ರಿ, ಎರಡು ಗಂಟೆ ಹೊತ್ತಿಗೆ, ಬುಟ್ಟಿಯೊಳಗಿದ್ದ ಬಾತುಕೋಳಿ ತಾನಾಗೇ ಹಾಡಲು ಶುರು ಮಾಡಿತು. ಹೆಂಚಿನ ಮನೆಯಲ್ಲಿ ಒಳಗೋಡೆ ಮಾಡಿನವರೆಗೆ ಹೋಗಿರುವುದಿಲ್ಲ. ಒಂದು ಕೋಣೆಯ ಸದ್ದು ಗೋಡೆ ಮೇಲಿನಿಂದ ಎಲ್ಲ ಕೋಣೆಗೂ ಇಳಿಯುತ್ತದೆ. ಅತ್ತೆ ಬೆಚ್ಚಿ ಎದ್ದು ಕೂತರು, ಬೆಳಗಿನವರೆಗೆ ಅವರಿಗೆ ಮತ್ತೆ ನಿದ್ದೆ ಹತ್ತಲಿಲ್ಲ. ಮರುದಿನ ಸ್ಕ್ರೂ ಬಿಚ್ಚಿ ನೋಡಿದರೆ ಬ್ಯಾಟರಿ ಸ್ಪ್ರಿಂಗಿನ ಮೇಲೆ ಹಸಿರು ಪುಡಿ ಕಟ್ಟಿತ್ತು, ಗುಂಡಿಯ ರಬ್ಬರಿನ ಕೆಳಗೆ ನೀರಿನ ಪಸೆ. ಗುಂಡಿ ಒತ್ತಿದಾಗ ಸೇರಬೇಕಾದ ಎರಡು ತುದಿಯನ್ನು ತೇವವೇ ಸೇರಿಸಿತ್ತು. ಮಳೆಗಾಲದಲ್ಲಿ ಆಟ ಮುಗಿದ ಮೇಲೆ ಸ್ವಿಚ್ ಆಫ್ ಮಾಡಿದರೆ ಸಾಲದು, ವಾರಗಟ್ಟಲೆ ಎತ್ತಿಡುವುದಾದರೆ ಬ್ಯಾಟರಿ ತೆಗೆದೇ ಇಡಬೇಕು. ಮರದ್ದಕ್ಕೂ ಕಾಟ ತಪ್ಪಿದ್ದಲ್ಲ, ಬೂಷ್ಟು ಹಿಡಿಯುತ್ತದೆ. ಆದರೆ ಒರೆಸಿ ಒಲೆಯ ಹತ್ತಿರ ಬೆಚ್ಚಗಿಟ್ಟರೆ ಸರಿಹೋಗುತ್ತದೆ.

ಇನ್ನು ಐಎಸ್ಐ ಗುರುತು. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಅದು ಕಡ್ಡಾಯ. ಬ್ಯಾಟರಿ ಆಟಿಕೆಯ ಮೇಲೆ ಐಎಸ್ 15644 ಅಂತ ಇರಬೇಕು, ಬ್ಯಾಟರಿ ಇಲ್ಲದ್ದರ ಮೇಲೆ ಐಎಸ್ 9873. ಗುರುತಿನ ಕೆಳಗಿನ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ.

ಜಾತ್ರೆಯ ಆಟಿಕೆ: 50ರಿಂದ 300 ರೂಪಾಯಿ

ಎಳ್ಳಮವಾಸ್ಯೆ ಜಾತ್ರೆ, ಸಾಗರದ ಮಾರಿಕಾಂಬಾ ಜಾತ್ರೆ, ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆ, ಎಲ್ಲೇ ಹೋಗಿ, ಸಾಲು ಅಂಗಡಿಯಲ್ಲಿ ಎಲ್ಲವೂ ಒಟ್ಟಿಗೆ ಕೂಗುತ್ತಿರುತ್ತವೆ. ಲೈಟ್ ಹಾಕಿ ತಿರುಗುವ ಬುಗುರಿ, ಸೈರನ್ ಬಂದೂಕು, ಗೋಡೆಗೆ ಡಿಕ್ಕಿ ಹೊಡೆದು ತಿರುಗುವ ಕಾರು. ಅಗ್ಗ, ಮಗುವಿಗೆ ಕಂಡ ಕೂಡಲೇ ಬೇಕು. ನನ್ನ ಅಳತೆಯಲ್ಲಿ ಇವು ಎಲ್ಲದರಲ್ಲೂ ಹಿಂದೆ ಬೀಳುತ್ತವೆ. ನಾನು ನೋಡಿದವುಗಳಲ್ಲಿ ಹೆಚ್ಚಿನವಕ್ಕೆ ವಾಲ್ಯೂಮ್ ಇಲ್ಲ, ಸ್ಕ್ರೂ ಇಲ್ಲ, ಐಎಸ್ಐ ಗುರುತಿಲ್ಲ, ಸಣ್ಣ ಲೈಟಿನವುಗಳಲ್ಲಿ ಬಟನ್ ಸೆಲ್ಲೇ ಇರುತ್ತದೆ. ಜಾತ್ರೆಗದ್ದಲದಲ್ಲಿ ಅದರ ಸದ್ದು ನಮಗೆ ಸಣ್ಣದಾಗಿ ಕೇಳುತ್ತದೆ, ಮನೆಗೆ ಬಂದ ಮೇಲೆ ಗೊತ್ತಾಗುತ್ತದೆ ಎಷ್ಟು ಜೋರು ಅಂತ.

ಜಾತ್ರೆಗೆ ಹೋಗಿ ಮಗುವನ್ನು ಬರಿಗೈಯಲ್ಲಿ ಕರೆತರೋದು ಯಾರಿಗೂ ಇಷ್ಟ ಇಲ್ಲ. ಅದೇ ಸಾಲಿನಲ್ಲಿ ಕಾಗದದ ಗಿರಗಿಟ್ಲೆ, ಪೀಪಿ, ಚಿಕ್ಕ ಡೋಲಕ್ ಸಿಗುತ್ತವೆ. ಪೀಪಿ ಜೋರೇ, ಒಪ್ಪುತ್ತೇನೆ. ಆದರೆ ಮಗುವಿನ ಉಸಿರು ಮುಗಿದಾಗ ಅದೂ ಮುಗಿಯುತ್ತದೆ. ಒಂದೇ ಎಚ್ಚರಿಕೆ, ಪೀಪಿಯ ಒಳಗಿನ ಸಣ್ಣ ತುಂಡು ಕಳಚಿ ಬಾಯಿಗೆ ಬರುತ್ತದಾ ಅಂತ ಎಳೆದು ನೋಡಿ ತಗೊಳ್ಳಿ. ಇನ್ನೊಬ್ಬರ ಕಿವಿಯ ಹತ್ತಿರ ಊದಬಾರದು ಅಂತ ಕಲಿಸಲೂ ಇದೇ ವಯಸ್ಸು.

ಹಾಡುವ ಫೋನ್, ಲ್ಯಾಪ್‌ಟಾಪ್, ಅಕ್ಷರ ಬೋರ್ಡ್: 300ರಿಂದ 1,500

ಜನ ಅತಿ ಹೆಚ್ಚು ಉಡುಗೊರೆ ಕೊಡುವುದು ಇವನ್ನೇ. ‘ಕಲಿಕೆಯ ಆಟಿಕೆ’ ಅಂತ ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುತ್ತದೆ. ಗುಂಡಿ ಒತ್ತಿದರೆ ‘ಎ ಫಾರ್ ಆ್ಯಪಲ್’ ಅನ್ನುತ್ತದೆ. ನನ್ನ ಮಗಳು ಮೂರು ತಿಂಗಳು ಇದನ್ನು ಒತ್ತಿದಳು. ಸೇಬು ಅಂದರೇನು ಅಂತ ಅವಳಿಗೆ ತಿಳಿದದ್ದು ಸಂತೆಯಿಂದ ತಂದು ಹೆಚ್ಚಿಕೊಟ್ಟ ದಿನ. ಎರಡು ವರ್ಷದ ಮಗುವಿಗೆ ಪದ ಹತ್ತುವುದು ಯಾರೋ ಅದರ ಕಣ್ಣು ನೋಡಿಕೊಂಡು ಹೇಳಿದಾಗ. ಅಮೆರಿಕದ ಮಕ್ಕಳ ವೈದ್ಯರ ಸಂಘ 2018ರ ಕೊನೆಯಲ್ಲಿ ಆಟಿಕೆ ಆರಿಸುವ ಬಗ್ಗೆ ಕೊಟ್ಟ ಸಲಹೆಯೂ ಇದೇ ದಾರಿಯದ್ದು. ಮಗುವೂ ದೊಡ್ಡವರೂ ಸೇರಿ ಆಡುವುದು ಮುಖ್ಯ, ಅದಕ್ಕೆ ಮಿನುಗುವ ದುಬಾರಿ ಆಟಿಕೆ ಬೇಕಾಗಿಲ್ಲ ಅಂತ ಅವರು ಹೇಳಿದ್ದರು.

ಆದರೆ ಇವನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಕೈಯಲ್ಲಿ ಬಲ ಕಡಿಮೆ ಇರುವ ಮಗು ಇರುತ್ತದೆ, ಕಣ್ಣು ಮಂದ ಇರುವ ಮಗು ಇರುತ್ತದೆ. ಹಗುರಾಗಿ ಮುಟ್ಟಿದರೆ ಸದ್ದು, ಬೆಳಕು ಬರುವ ಆಟಿಕೆ ಅಂಥ ಮಗುವಿಗೆ ‘ನಾನು ಮಾಡಿದೆ, ಆಯಿತು’ ಅನ್ನುವ ಖುಷಿ ಕೊಡುತ್ತದೆ. ಥೆರಪಿ ಮಾಡುವವರೇ ಇವನ್ನು ಬಳಸುತ್ತಾರೆ. ಹಾಗೇ ಒಬ್ಬರೇ ಮಗು ನೋಡಿಕೊಂಡು ಅಡುಗೆಯೂ ಮಾಡಬೇಕಾದ ಮನೆಯಲ್ಲಿ ಹತ್ತು ನಿಮಿಷ ಮಗು ಒಂದು ಕಡೆ ಕೂತರೆ ಅದು ದೊಡ್ಡ ಸಹಾಯ. ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಬೇಕಾಗಿಲ್ಲ.

ಕೊಡಿಸುವುದಾದರೆ ಮೂರು ನೋಡಿ. ಎರಡು ಮಟ್ಟದ ವಾಲ್ಯೂಮ್ ಸ್ವಿಚ್ ಇರಲಿ. ಅದರ ‘ಸಣ್ಣ’ ಮಟ್ಟ ನಿಜಕ್ಕೂ ಸಣ್ಣದಾ ಅಂತ ಕೇಳಿ ನೋಡಿ, ಎಷ್ಟೋ ಆಟಿಕೆಯಲ್ಲಿ ಎರಡೂ ಒಂದೇ ಥರ ಇರುತ್ತದೆ. ಗುಂಡಿ ಒತ್ತದಿದ್ದರೂ ‘ಬಾ ಆಡೋಣ’ ಅಂತ ತಾನಾಗೇ ಕರೆಯುವ ಆಟಿಕೆ ಬೇಡ. ಮತ್ತೆ ಹಾಡಿನ ಉದ್ದ. ಐದು ಸೆಕೆಂಡಿನ ಸದ್ದು ತಡೆಯಬಹುದು, ಮೂವತ್ತು ಸೆಕೆಂಡಿನದ್ದು ಕಷ್ಟ.

ಮಾತಾಡುವ ಕಾರ್ಡು, ಮಾತಾಡುವ ಪುಸ್ತಕ: 350ರಿಂದ 1,200

ಕಾರ್ಡನ್ನು ಯಂತ್ರದ ಸೀಳಿಗೆ ತೂರಿಸಿದರೆ ಅದರ ಹೆಸರು ಹೇಳುವಂಥದ್ದು ಈಗ ತುಂಬ ಮನೆಯಲ್ಲಿದೆ. ಗುಂಡಿ ಫೋನಿಗಿಂತ ಇದು ಮೇಲು. ಒಂದು ಕಾರ್ಡಿಗೆ ಒಂದೇ ಪದ ಹೇಳಿ ಸುಮ್ಮನಾಗುತ್ತದೆ, ಆ ಖಾಲಿಯಲ್ಲಿ ನಾವು ಮಾತು ಸೇರಿಸಬಹುದು. ನಾನು ಕಂಡವೆಲ್ಲ ಇಂಗ್ಲಿಷಿನವು. ಹಸು ಬಂದಾಗ ಯಂತ್ರ ‘ಕೌ’ ಅನ್ನುತ್ತದೆ, ನಾವು ‘ಅಂಬಾ, ಕೊಟ್ಟಿಗೇಲಿ ಇದೆಯಲ್ಲ’ ಅಂತ ಸೇರಿಸುತ್ತೇವೆ. ಹೀಗೆ ಮಾಡುವ ದೊಡ್ಡವರು ಜೊತೆಗಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಎರಡನೇ ವಾರಕ್ಕೆ ಕಾರ್ಡುಗಳು ಸೋಫಾ ಕೆಳಗೆ ಸೇರುತ್ತವೆ. ಹೆಚ್ಚಿನವು ಚಾರ್ಜ್ ಆಗುವಂಥವು, ಆಗಾಗ ಬ್ಯಾಟರಿ ಕೊಳ್ಳುವ ಖರ್ಚಿಲ್ಲ. ಮಳೆಗಾಲದಲ್ಲಿ ಕಾರ್ಡಿನ ಅಂಚು ಉಬ್ಬಿ ಸೀಳಿಗೆ ಹೋಗುವುದಿಲ್ಲ, ಮುಚ್ಚಳ ಗಟ್ಟಿ ಇರುವ ಸ್ಟೀಲ್ ಡಬ್ಬಿಯಲ್ಲಿಡಿ.

ಗುಂಡಿ ಒತ್ತಿದರೆ ಪ್ರಾಣಿ ಕೂಗುವ ಪುಸ್ತಕಗಳನ್ನು ಎಚ್ಚರಿಕೆಯಿಂದ ಕೊಳ್ಳಿ. ತೆಳ್ಳಗಿರಲಿ ಅಂತ ಅವುಗಳಲ್ಲಿ ಹೆಚ್ಚಾಗಿ ಬಟನ್ ಸೆಲ್ ಹಾಕಿರುತ್ತಾರೆ. ರಟ್ಟು ನೆನೆದು ಬಿಚ್ಚಿಕೊಂಡರೆ ಸ್ಕ್ರೂ ಇದ್ದೂ ಪ್ರಯೋಜನವಿಲ್ಲ. ಮೂರು ವರ್ಷ ತುಂಬುವವರೆಗೆ ಸದ್ದಿಲ್ಲದ ಪುಸ್ತಕವೇ ಸಾಕು, ಹಸುವಿನ ಸದ್ದು ಅಪ್ಪ ಮಾಡಲಿ.

ಪುಟ್ಟ ಕೀಬೋರ್ಡ್: 800ರಿಂದ 2,500

ಬ್ಯಾಟರಿ ಆಟಿಕೆಗಳಲ್ಲಿ ನನಗೆ ಮನಸ್ಸಿಗೆ ಬಂದದ್ದು ಇದೊಂದೇ. ಕೀಲಿ ಒತ್ತಿದರೆ ಸ್ವರ, ಬೆರಳು ತೆಗೆದರೆ ನಿಲ್ಲುತ್ತದೆ. ವಾಲ್ಯೂಮ್‌ಗೆ ಮೆಟ್ಟಿಲುಗಳಿರುತ್ತವೆ. ಎರಡು ವರ್ಷಕ್ಕೆ ಬಡಿಯುತ್ತದೆ, ನಾಲ್ಕು ವರ್ಷಕ್ಕೆ ಒಂದೊಂದೇ ಬೆರಳಲ್ಲಿ ಸ್ವರ ಹುಡುಕುತ್ತದೆ, ಏಳು ವರ್ಷಕ್ಕೆ ಪಾಠಕ್ಕೆ ಹೋದರೂ ಅದೇ ಕೀಬೋರ್ಡ್ ಬಳಕೆಗೆ ಬರುತ್ತದೆ. ದುಡ್ಡಿನ ಲೆಕ್ಕದಲ್ಲಿ ಇದು ಅಗ್ಗವೇ. ತೊಂದರೆ ಇರುವುದು ‘ಡೆಮೊ’ ಗುಂಡಿಯಲ್ಲಿ. ಮಕ್ಕಳು ಅದನ್ನು ಮೊದಲ ದಿನವೇ ಕಂಡುಹಿಡಿಯುತ್ತಾರೆ, ಆಮೇಲೆ ಕೀಲಿ ಮುಟ್ಟುವುದಿಲ್ಲ. ಆ ಗುಂಡಿಯ ಮೇಲೆ ದಪ್ಪ ರಟ್ಟಿನ ತುಂಡಿಟ್ಟು ಗಟ್ಟಿಯಾಗಿ ಟೇಪ್ ಹಾಕಿಬಿಡಿ, ನಾವು ಹಾಗೇ ಮಾಡಿದ್ದೇವೆ. ಹೆಡ್‌ಫೋನ್ ತೂತು ಇದ್ದರೂ ಚಿಕ್ಕ ಮಕ್ಕಳಿಗೆ ಹಾಕಬೇಡಿ. ನಮಗೆ ಸದ್ದು ಕೇಳಿಸುವುದಿಲ್ಲ ನಿಜ, ಅವರ ಕಿವಿಗೆ ಎಷ್ಟು ಜೋರು ಹೋಗುತ್ತಿದೆ ಅಂತಲೂ ಗೊತ್ತಾಗುವುದಿಲ್ಲ.

ಕೈಯಿಂದ ಸದ್ದು ಬರುವಂಥವು: ಪುಕ್ಕಟೆಯಿಂದ 800

ಚನ್ನಪಟ್ಟಣದ ಗಿಲಕಿ, ಮರದ ಟಿಕ್ ಟಿಕ್ ಕುದುರೆ, ಎಳೆದರೆ ತಲೆ ಆಡಿಸುವ ಬಾತು, ಗೆಜ್ಜೆ ಪಟ್ಟಿ, ಚಿಕ್ಕ ಡೋಲಕ್, ಎಂಟು ಪಟ್ಟಿಯ ಝೈಲೋಫೋನ್. ಹಾಲೆ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಒತ್ತಿ ಮಾಡುವ ಚನ್ನಪಟ್ಟಣದ ಆಟಿಕೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಅದರ ನೋಂದಾಯಿತ ತಯಾರಕರಿಗೆ ಐಎಸ್ಐ ನಿಯಮದಿಂದ ವಿನಾಯಿತಿಯೂ ಇದೆ. ಹಾಗಾಗಿ ಅದರ ಮೇಲೆ ಗುರುತು ಕಾಣದಿದ್ದರೆ ಗಾಬರಿ ಬೇಡ. ಆದರೆ ಅದೇ ಹೆಸರಲ್ಲಿ ಸಾದಾ ಪೇಂಟ್ ಬಳಿದದ್ದನ್ನೂ ಮಾರುತ್ತಾರೆ, ನಂಬಿಕೆಯ ಅಂಗಡಿಯಲ್ಲೇ ತಗೊಳ್ಳಿ. ಒದ್ದೆ ಬಟ್ಟೆಯಲ್ಲಿ ತೊಳೆಯಬೇಡಿ, ಒಣ ಬಟ್ಟೆಯಲ್ಲಿ ಒರೆಸಿ.

ಇವು ಸದ್ದಿಲ್ಲದವು ಅಂತ ತಿಳಿಯಬೇಡಿ. ಲೋಹದ ಝೈಲೋಫೋನನ್ನು ಎರಡು ವರ್ಷದ ಮಗು ಬಲವಾಗಿ ಬಡಿದರೆ ಯಾವ ಬ್ಯಾಟರಿ ಆಟಿಕೆಗೂ ಕಡಿಮೆ ಇಲ್ಲ. ಸ್ಟೀಲ್ ತಟ್ಟೆಯೂ ಅಷ್ಟೇ. ಕೋಲಿನ ತುದಿಗೆ ಬಟ್ಟೆ ಸುತ್ತಿ ಕೊಡಿ, ತಟ್ಟೆಯ ಬದಲು ತೆಂಗಿನ ಗೆರಟೆ ಕೊಡಿ. ಎರಡು ಗೆರಟೆ ಒಂದಕ್ಕೊಂದು ತಾಗಿದಾಗ ಬರುವ ‘ಟಕ್’ ಸದ್ದು ನಮ್ಮ ಮನೆಯಲ್ಲಿ ಅಜ್ಜನಿಗೂ ಇಷ್ಟ. ಅಂಚನ್ನು ಮಾತ್ರ ಉಜ್ಜಿ ನುಣುಪು ಮಾಡಿರಬೇಕು. ಮುಚ್ಚಳ ಗಟ್ಟಿ ಇರುವ ಡಬ್ಬಿಗೆ ಅಕ್ಕಿ ಹಾಕಿ ಕೊಟ್ಟರೆ ಮಳೆಯ ಸದ್ದು ಬರುತ್ತದೆ. ಮುಚ್ಚಳ ಮಗುವಿನ ಕೈಯಲ್ಲಿ ತೆಗೆಯಲು ಬರಬಾರದು, ಅಷ್ಟೇ. ಮಳೆ ಬಿಟ್ಟ ದಿನ ಅಡಿಕೆ ಹಾಳೆಯ ಮೇಲೆ ಕೂರಿಸಿ ಅಂಗಳದಲ್ಲಿ ಎಳೆದರೆ ಒಂದು ಗಂಟೆ ಬೇರೆ ಆಟಿಕೆ ಬೇಡ. ಆಗ ಬರುವ ಸದ್ದು ಮಗುವಿನ ನಗು ಮಾತ್ರ.

ಇವುಗಳ ಒಂದೇ ಕೊರತೆ ನಮ್ಮ ಸಮಯ. ಮೊದಲ ಹತ್ತು ಸಲ ನಾವು ಕೂತು ಆಡಿ ತೋರಿಸಬೇಕು. ಆ ಪುರುಸೊತ್ತು ಇಲ್ಲದ ಮನೆಯಲ್ಲಿ ಮರದ ಆಟಿಕೆ ಮೂಲೆ ಸೇರುವುದನ್ನೂ ನೋಡಿದ್ದೇನೆ.

ಆಟಿಕೆ ಬದಲು ರೇಡಿಯೊ

ಮಗುವಿಗೆ ಹಾಡು ಬೇಕು ಅನ್ನುವುದಷ್ಟೇ ಕಾರಣವಾದರೆ ಆಟಿಕೆಯೇ ಯಾಕೆ? ಒಂದು ರೇಡಿಯೊ ಅಥವಾ ಚಿಕ್ಕ ಸ್ಪೀಕರ್ ಕಪಾಟಿನ ಮೇಲಿಡಿ. ಬೆಳಿಗ್ಗೆ ಭದ್ರಾವತಿ ಆಕಾಶವಾಣಿ ಹಾಕಿದರೆ ಮಗು ಕನ್ನಡದ ಮಾತು ಕೇಳುತ್ತದೆ, ಹಾಡು ಕೇಳುತ್ತದೆ, ಅದೂ ದೂರದಿಂದ. ವಾಲ್ಯೂಮ್ ನಮ್ಮ ಕೈಯಲ್ಲಿ. ಆಡಲು ಆಗುವುದಿಲ್ಲ ನಿಜ, ಆದರೆ ಕುಣಿಯಬಹುದಲ್ವಾ.

ಯಾರ ಮನೆಗೆ ಯಾವುದು

ಶಿವಮೊಗ್ಗದ ಫ್ಲ್ಯಾಟ್, ಕೆಳಗಡೆ ಮನೆಯವರಿದ್ದಾರೆ, ಒಬ್ಬರು ಮನೆಯಿಂದಲೇ ಕೆಲಸ ಮಾಡುತ್ತಾರೆ ಅಂದರೆ: ಕೀಬೋರ್ಡ್ ಒಂದು, ಮರದ್ದು ಎರಡು, ಚಾಪೆ ಒಂದು. ಟೈಲ್ಸ್ ನೆಲ, ಖಾಲಿ ಗೋಡೆ ಇರುವ ಕೋಣೆಯಲ್ಲಿ ಸದ್ದು ಮಾರ್ದನಿಸುತ್ತದೆ. ದಪ್ಪ ಚಾಪೆ, ಕಂಬಳಿ, ಪರದೆ ಇದ್ದರೆ ಎಷ್ಟೋ ತಗ್ಗುತ್ತದೆ. ಚಕ್ರದ ಆಟಿಕೆ ಬೇಡ, ಕೆಳಗಡೆಯವರಿಗೆ ಅದೇ ಜಾಸ್ತಿ ಕಾಟ.

ಹೆಂಚಿನ ದೊಡ್ಡ ಮನೆ, ವಯಸ್ಸಾದವರಿದ್ದಾರೆ ಅಂದರೆ ಜಾಗ ಗೊತ್ತು ಮಾಡಿ. ನಮ್ಮಲ್ಲಿ ಬ್ಯಾಟರಿ ಆಟಿಕೆಗಳ ಮನೆ ಜಗುಲಿ. ಒಳಗೆ ಬರುವಾಗ ಅವು ‘ಮಲಗುತ್ತವೆ’, ಅಂದರೆ ಮಗಳೇ ಸ್ವಿಚ್ ಆಫ್ ಮಾಡಿ ಬುಟ್ಟಿಗೆ ಹಾಕುತ್ತಾಳೆ. ಎರಡು ವರ್ಷಕ್ಕೆ ಇದು ಅವಳಿಗೆ ಬಂತು. ಶ್ರವಣಯಂತ್ರ ಹಾಕುವ ಅಜ್ಜ ಅಜ್ಜಿ ಇದ್ದರೆ ಕೀರಲು ಸದ್ದಿನ ಆಟಿಕೆ ಪೂರ್ತಿ ಬಿಡಿ. ನಮಗೆ ಸಣ್ಣದೆನಿಸುವ ಸದ್ದು ಅವರಿಗೆ ಚುಚ್ಚುತ್ತದೆ.

500 ರೂಪಾಯಿ ಒಳಗೆ ಉಡುಗೊರೆ ಕೊಡಬೇಕಾ? ಮರದ ಗಿಲಕಿ ಮತ್ತು ಒಂದು ಕನ್ನಡ ಚಿತ್ರಪುಸ್ತಕ ಬರುತ್ತದೆ. ಅಷ್ಟೇ ದುಡ್ಡಿಗೆ ಬರುವ ಹಾಡುವ ಲ್ಯಾಪ್‌ಟಾಪ್ ಡಬ್ಬಿ ದೊಡ್ಡದು, ಕೊಡುವಾಗ ಚೆಂದ ಕಾಣುತ್ತದೆ. ಆ ಒಂದು ಗಳಿಗೆಗೆ ಮರುಳಾಗಬೇಡಿ. 1,500ದ ತನಕ ಆಗುತ್ತದೆ ಅಂದರೆ ಕೀಬೋರ್ಡ್. ಬ್ಯಾಟರಿ ಆಟಿಕೆ ತಗೊಂಡರೆ ಚಾರ್ಜ್ ಮಾಡುವ ಸೆಲ್ ನಾಲ್ಕನ್ನೂ ಚಾರ್ಜರನ್ನೂ ಲೆಕ್ಕಕ್ಕೆ ಸೇರಿಸಿ. ದಿನಾ ಆಡುವ ಆಟಿಕೆಗೆ ಸಾದಾ ಸೆಲ್ ಹಾಕಿ ಪೂರೈಸುವುದಿಲ್ಲ.

ಸದ್ದಿಗೆ ಕಿವಿ ಮುಚ್ಚಿಕೊಳ್ಳುವ, ಅಳುವ ಮಗುವಿದ್ದರೆ ಯಾವ ಹಾಡುವ ಆಟಿಕೆಯೂ ಬೇಡ. ‘ರೂಢಿ ಆಗಲಿ’ ಅಂತ ಪಕ್ಕದಲ್ಲಿ ಬಾರಿಸಬೇಡಿ. ಅದಕ್ಕೆ ವಿರುದ್ಧವಾಗಿ, ಮಗು ಯಾವಾಗಲೂ ಅತಿ ಜೋರಿನ ಸದ್ದನ್ನೇ ಹುಡುಕುತ್ತಿದ್ದರೆ, ಕರೆದರೆ ತಿರುಗದಿದ್ದರೆ, ಆಟಿಕೆಯ ಮಾತು ಆಮೇಲೆ, ಮೊದಲು ಕಿವಿ ಪರೀಕ್ಷೆ ಮಾಡಿಸಿ.

ಈಗಾಗಲೇ ಮನೆಯಲ್ಲಿ ಇರೋದು

ಎಸೆಯಬೇಕಾಗಿಲ್ಲ. ಸ್ಕ್ರೂ ಬಿಚ್ಚಿ ಹಿಂಬದಿ ತೆಗೆದರೆ ಒಳಗೆ ಎಂಟಾಣೆಗಿಂತ ಸ್ವಲ್ಪ ದೊಡ್ಡ ಸ್ಪೀಕರ್ ಕಾಣುತ್ತದೆ, ಅದರ ಎದುರು ತೂತುಗಳು. ಆ ತೂತುಗಳ ಮೇಲೆ ಒಳಗಡೆಯಿಂದ ಎರಡು ಪದರ ಪ್ಯಾಕಿಂಗ್ ಟೇಪ್ ಅಂಟಿಸಿ ಮುಚ್ಚಿ. ಮೊದಲು ಹೊರಗಡೆಯಿಂದ ಅಂಟಿಸಿದ್ದೆ. ತಂಡಿಗೆ ಒಂದೇ ವಾರದಲ್ಲಿ ಬಿಟ್ಟುಕೊಂಡಿತು, ಮಗಳು ತುಂಡನ್ನು ಬಾಯಿಗೆ ಹಾಕಿಕೊಂಡಿದ್ದಳು. ಒಳಗಡೆ ಹಾಕಿದ್ದು ಈಗಲೂ ಹಾಗೇ ಇದೆ. ಫೋನಿನ ಸದ್ದು ಪಕ್ಕದ ಕೋಣೆಗೆ ಕೇಳುವುದಿಲ್ಲ, ಅವಳಿಗೆ ಕೇಳುತ್ತದೆ, ಅಷ್ಟು ಸಾಕು.

ಸ್ಪ್ರಿಂಗಿನ ಮೇಲೆ ಪುಡಿ ಕಟ್ಟಿದ್ದರೆ ಬ್ಯಾಟರಿ ತೆಗೆದು, ಹತ್ತಿಯನ್ನು ವಿನೆಗರ್ ಅಥವಾ ನಿಂಬೆರಸದಲ್ಲಿ ಸ್ವಲ್ಪ ಅದ್ದಿ ಒರೆಸಿ, ಚೆನ್ನಾಗಿ ಒಣಗಿಸಿ. ಆಲ್ಕಲೈನ್ ಬ್ಯಾಟರಿಯ ಸೋರಿಕೆ ಕ್ಷಾರ, ಹುಳಿ ಅದನ್ನು ಬಿಡಿಸುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ, ಮಗು ನಿದ್ದೆ ಮಾಡುವಾಗ ಮಾಡಿ. ಸತ್ತ ಬ್ಯಾಟರಿಯನ್ನು ಬಚ್ಚಲ ಒಲೆಗೆ ಮಾತ್ರ ಹಾಕಬೇಡಿ. ನಮ್ಮ ಕಡೆ ಕಸವೆಲ್ಲ ಹಂಡೆಯ ಕೆಳಗೆ ಹೋಗುವ ರೂಢಿ, ಆದರೆ ಬೆಂಕಿಯಲ್ಲಿ ಬ್ಯಾಟರಿ ಸಿಡಿಯುತ್ತದೆ. ಒಂದು ಡಬ್ಬಿಯಲ್ಲಿ ಒಟ್ಟು ಮಾಡಿ, ಶಿವಮೊಗ್ಗಕ್ಕೆ ಬರುವಾಗ ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಡಿ.

ಎಲ್ಲವನ್ನೂ ಒಟ್ಟಿಗೆ ಹೊರಗಿಡಬೇಡಿ. ಸದ್ದಿನ ಆಟಿಕೆ ಒಂದು ಕೆಳಗೆ, ಉಳಿದವು ಅಟ್ಟದಲ್ಲಿ. ಹದಿನೈದು ದಿನಕ್ಕೆ ಬದಲಾಯಿಸಿ. ಹಳೆಯದು ಇಳಿದಾಗ ಮಗುವಿಗೆ ಹೊಸದು ಬಂದಷ್ಟೇ ಖುಷಿ. ಕೊಟ್ಟ ನೆಂಟರು ಬಂದ ದಿನ ಅವರು ಕೊಟ್ಟದ್ದನ್ನೇ ಇಳಿಸಿ, ಅವರೇ ಮಗುವಿನ ಜೊತೆ ಕೂತು ಆಡಲಿ. ಮುಂದಿನ ಸಲ ಏನು ತರಲಿ ಅಂತ ಕೇಳುವವರಿಗೆ ಮುಚ್ಚುಮರೆ ಇಲ್ಲದೆ ಹೇಳಿ. ‘ಅವಳಿಗೆ ಪುಸ್ತಕ ಅಂದ್ರೆ ಪ್ರಾಣ’ ಅಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಮಗಳಿಗೆ ಈಗ ಮೂರು ಹತ್ತಿರ ಬಂತು. ಬಾತುಕೋಳಿ ಕೆಟ್ಟುಹೋಗಿದೆ. ಬ್ಯಾಟರಿ ತೆಗೆದ ಮೇಲೂ ಅವಳು ಅದನ್ನು ಬಿಟ್ಟಿಲ್ಲ, ಸೆರಗಿಗೆ ಕಟ್ಟಿಕೊಂಡು ಎಳೆಯುತ್ತಾಳೆ, ಅದರ ಹಾಡನ್ನು ತಾನೇ ಹಾಡುತ್ತಾಳೆ. ಮುಂದಿನ ಎಳ್ಳಮವಾಸ್ಯೆಗೆ ತೀರ್ಥಹಳ್ಳಿ ಜಾತ್ರೆಗೆ ಕರೆದುಕೊಂಡು ಹೋಗಬೇಕು. ಪೀಪಿ ಕೊಡಿಸುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ತುಂಗೆಯ ದಂಡೆಯಲ್ಲಿ ಎಷ್ಟು ಬೇಕಾದರೂ ಊದಲಿ, ಮನೆಗೆ ಬಂದ ಮೇಲೆ ಪೀಪಿ ಜಗುಲಿಯಲ್ಲಿರುತ್ತದೆ.